ಮೂರು ಅರ್ತಿಂಗಿನ ಮನೆ

ಅಪ್ಪನ ಕಿವಿ ಮಂದವಾಗಿದೆ ಎಂಬುದನ್ನು ನಮ್ಮ ಮನೆಯಲ್ಲಿ ಕೊನೆಯವರೆಗೂ ಒಪ್ಪದವರು ಅಪ್ಪ ಒಬ್ಬರೇ. ಅವರ ಪ್ರಕಾರ ಕೆಟ್ಟದ್ದು ಅವರ ಕಿವಿಯಲ್ಲ, ಜನರ ನಾಲಿಗೆ. ಟೀವಿಯಲ್ಲಿ ವಾರ್ತೆ ಓದುವವರಿಗೆ ಬಾಯಿ ತೆರೆಯಲು ಸೋಮಾರಿತನ, ಅಮ್ಮನಿಗೆ ವಯಸ್ಸಾಗಿ ಮಾತು ಒಳಗೊಳಗೇ ಉಳಿಯುತ್ತದೆ, ನನಗಂತೂ ಹುಟ್ಟಿದಾಗಿನಿಂದ ಗೊಣಗುವ ಚಾಳಿ. ಹೀಗೆ ಪ್ರತಿಯೊಬ್ಬರಿಗೂ ಒಂದೊಂದು ರೋಗ ಹಂಚಿ, ತಾವು ಮಾತ್ರ ಗಟ್ಟಿಮುಟ್ಟಾಗಿ ಜಗಲಿಯ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಕೆಲಸ ಮಾಡಿದಷ್ಟು ವರ್ಷವೂ ಅವರು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಗುಡುಗುಡು ಎನ್ನುವ ಇಂಜಿನ್ನಿನ ಮಗ್ಗುಲಲ್ಲೇ ನಿಂತು, ಅದನ್ನೂ ಮೀರಿಸಿ “ಹರಿಹರಪುರ, ಶೃಂಗೇರಿ, ಶೃಂಗೇರಿ” ಎಂದು ಕೂಗುವುದು, ಅದು ಹೊರಟಿತೋ ಇಲ್ಲವೋ ಅಷ್ಟರಲ್ಲಿ ಇನ್ನೊಂದರ ಬಾಗಿಲು ಬಡಿದು “ಎನ್ನಾರ್ಪುರ” ಎಂದು ಶುರುಮಾಡುವುದು. ಅವರ ದನಿಗೆ ಇಡೀ ಪೇಟೆಯಲ್ಲಿ ಹೆಸರಿತ್ತು. ಆ ದನಿಯೂ ಇಂಜಿನ್ನೂ ಸೇರಿಕೊಂಡು ಅವರ ಕಿವಿಯನ್ನು ತಿಂದು ಹಾಕಿದವು.

ಶಿವಮೊಗ್ಗದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ವಿಷಯವನ್ನು ನನಗೂ ಅಮ್ಮನಿಗೂ ಬಿಡಿಸಿ ಹೇಳಿದರು. ದಪ್ಪ ಸದ್ದುಗಳೆಲ್ಲ ಅಪ್ಪನಿಗೆ ಸರಿಯಾಗಿಯೇ ಕೇಳುತ್ತಿದ್ದವು. ಲಾರಿ ಬಂದರೆ, ಗುಡುಗಿದರೆ, ರುಬ್ಬುವ ಯಂತ್ರ ತಿರುಗಿದರೆ ಅವರಿಗೆ ನಮ್ಮಷ್ಟೇ ಗೊತ್ತಾಗುತ್ತಿತ್ತು. ಹೋಗಿದ್ದು ಸಣ್ಣ, ಚೂಪು ಸದ್ದುಗಳು. ಸ, ಚ, ತ, ಕ ಇಂಥ ಅಕ್ಷರಗಳು ಕಿವಿಗೆ ಬೀಳದೆ ಮಾತಿನ ಎಲುಬೇ ಕಳಚಿಹೋಗಿ, ಬರೀ ಗೊಜಗೊಜ ಉಳಿಯುತ್ತಿತ್ತು. ಡಾಕ್ಟರು ಕೊಟ್ಟ ಶ್ರವಣಯಂತ್ರವನ್ನು ಅಪ್ಪ ಒಂದು ವಾರ ಹಾಕಿಕೊಂಡರು. ಅಮ್ಮ ಲೋಟ ತೊಳೆದರೆ ತಲೆಯ ಮೇಲೆ ಹಂಚು ಉದುರಿದ ಹಾಗಾಗುತ್ತದೆ ಎಂದು ಹೇಳಿ, ಅದನ್ನು ಗಡ್ಡ ಹೆರೆಯುವ ಸಾಮಾನಿನ ಡಬ್ಬಿಯಲ್ಲಿ ಇಟ್ಟುಬಿಟ್ಟರು.

ಇದೆಲ್ಲ ನಡೆಯುತ್ತಿದ್ದದ್ದು ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷಗಳ ಹೊತ್ತಿಗೆ. ಎಲ್ಲರ ಮನೆಯ ಮಾಡಿನ ಮೇಲೂ ಸಣ್ಣ ಸಣ್ಣ ಡಿಶ್‌ಗಳು ಎದ್ದು ನಿಲ್ಲುತ್ತಿದ್ದ ಕಾಲ. ನಾನು ಟೆಲಿಫೋನ್ ಆಫೀಸಿನಲ್ಲಿ ಜನರ ದೂರು ಬರೆದುಕೊಳ್ಳುವ ಕೆಲಸದಲ್ಲಿದ್ದೆ. ದಿನವಿಡೀ ಊರವರ ಬೈಗಳ ತಿಂದು ಮನೆಗೆ ಬಂದರೆ, ಮನೆಯಲ್ಲಿ ಕೂಗಿ ಕೂಗಿ ಮಾತಾಡಬೇಕು. “ಅಪ್ಪಾ, ಊಟ” ಎಂದು ನಾನು ಕರೆದರೆ ಪಕ್ಕದ ಮನೆಯವರು ಕೈ ತೊಳೆಯುತ್ತಿದ್ದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುವುದುಂಟು. ಅಂಥ ಮನೆಯಲ್ಲಿ ಅದು ಬೇರೆ ಎಲ್ಲಿ ಇರಲು ಸಾಧ್ಯ?

ಆದರೆ ನಿಜವಾಗಿ ಸಂಕಟವಾಗುತ್ತಿದ್ದದ್ದು ಈ ಕೂಗಾಟದಿಂದಲ್ಲ, ಅಪ್ಪನ ಕ್ಯಾಸೆಟ್ಟುಗಳಿಂದ. ಅಪ್ಪನಿಗೆ ತಾಳಮದ್ದಲೆ ಎಂದರೆ ಪ್ರಾಣ. ವೇಷ ಕಟ್ಟದೆ, ಕುಣಿಯದೆ, ಪಂಚೆ ಉಟ್ಟು ಎದುರುಬದುರು ಕೂತು, ಬರೀ ಮಾತಿನಲ್ಲೇ ಯುದ್ಧ ಮಾಡುವ ಆಟ ಅದು. ಒಬ್ಬ ಒಂದು ಮಾತು ಎಸೆದರೆ ಇನ್ನೊಬ್ಬ ಅದನ್ನು ಹಾರಿಹೋಗುವ ಮೊದಲೇ ಹಿಡಿದು ತಿರುಗಿಸಿ ಹೊಡೆಯಬೇಕು. ಹರಿಹರಪುರ, ಮೇಗುಂದ, ಭಂಡಿಗಡಿ, ಎಲ್ಲಿ ಯಾರ ಮನೆಯಲ್ಲಿ ತಾಳಮದ್ದಲೆ ಎಂದರೂ ಕೆಲಸ ಮುಗಿಸಿ ಯಾವುದಾದರೂ ಬಸ್ಸಿನ ಡ್ರೈವರ್ ಪಕ್ಕ ಕೂತು ಹೊರಟುಬಿಡುತ್ತಿದ್ದರು. ತೊಡೆಯ ಮೇಲೆ ಟೇಪ್ ರೆಕಾರ್ಡರ್. ಹಾಗೆ ತುಂಬಿಸಿಕೊಂಡು ಬಂದ ಕ್ಯಾಸೆಟ್ಟುಗಳು ಒಂದು ತಗಡಿನ ಟ್ರಂಕಿನಲ್ಲಿದ್ದವು.

ಒಂದು ದಿನ ಅಪ್ಪ ಆ ಟ್ರಂಕನ್ನು ಜಗಲಿಗೆ ಎಳೆದು ತಂದು, “ಎಲ್ಲ ಹಾಳಾಗಿ ಹೋಗಿದೆ ಕಣೆ. ಮಾತೇ ಅಳಿಸಿ ಹೋಗಿದೆ. ಇಟ್ಕೊಂಡು ಎಂತ ಮಾಡದು, ಗುಜರಿಗೆ ಕೊಟ್ಟುಬಿಡು” ಎಂದರು. ನಾನು ಒಂದು ಕ್ಯಾಸೆಟ್ ಹಾಕಿ ಕೇಳಿದೆ. ಮಾತು ಸ್ವಲ್ಪ ಮಸುಕಾಗಿತ್ತು, ಅಳಿಸಿ ಹೋಗಿರಲಿಲ್ಲ. ಅಳಿಸಿ ಹೋಗಿದ್ದು ಎಲ್ಲಿ ಎಂದು ನನಗೂ ಗೊತ್ತು, ಅಮ್ಮನಿಗೂ ಗೊತ್ತು. ಅಪ್ಪ ಮಾತ್ರ ಕ್ಯಾಸೆಟ್ಟುಗಳು ಸತ್ತವೆಂದೇ ನಂಬಿ, ಸತ್ತವರ ಬಟ್ಟೆ ಮಡಿಸುವ ಹಾಗೆ ಅವುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಗುಜರಿಯವನು ಬಂದಾಗ ಕೊಡುತ್ತೇನೆ ಎಂದು ಸುಳ್ಳು ಹೇಳಿ, ಟ್ರಂಕನ್ನು ನನ್ನ ಮಂಚದ ಕೆಳಗೆ ತಳ್ಳಿದೆ.

ಅದಾದ ಸ್ವಲ್ಪ ದಿನಕ್ಕೆ ಎನ್ನಾರ್ಪುರದಲ್ಲಿ ನನ್ನ ಜೊತೆ ಕೆಲಸ ಮಾಡುವವಳ ಮನೆಯ ಗೃಹಪ್ರವೇಶಕ್ಕೆ ಹೋದೆ. ಅಲ್ಲಿ ಹಾಲ್‌ನಲ್ಲಿ ಪ್ಲೈವುಡ್ ಪೆಟ್ಟಿಗೆಯ ಆಂಪ್ಲಿಫೈಯರ್ ಒಂದು ಹಾಡುತ್ತಿತ್ತು. ಅದರ ಮುಖದ ಮೇಲೆ ಎರಡು ದಪ್ಪ ನಾಬ್. ಒಂದನ್ನು ತಿರುಗಿಸಿದರೆ ದಪ್ಪ ಸದ್ದು ಏರುತ್ತದೆ, ಇನ್ನೊಂದನ್ನು ತಿರುಗಿಸಿದರೆ ಚೂಪು ಸದ್ದು. ಆ ಎರಡನೆಯದನ್ನು ನಾನು ಪೂರ್ತಿ ತಿರುಗಿಸಿದೆ. ಹಾಡುವವಳ ಸಕಾರಗಳೆಲ್ಲ ಸೂಜಿಯಂತೆ ಎದ್ದು ಬಂದವು. ಮನೆಯವರು ತಲೆನೋವು ಎಂದು ಅದನ್ನು ಮತ್ತೆ ಇಳಿಸಿದರು. ನನಗೆ ಊಟದ ಮೇಲಿನ ಗಮನವೇ ಹೋಯಿತು. ಈ ಪೆಟ್ಟಿಗೆ ಮಾಡಿಕೊಟ್ಟವರು ಯಾರು, ಎಲ್ಲಿಯವರು ಎಂದು ಪಾಯಸ ಬಡಿಸುವವರನ್ನೂ ಬಿಡದೆ ಕೇಳಿದೆ.

ಮಾಡಿಕೊಟ್ಟವರು ಶೃಂಗೇರಿಯ ಒಬ್ಬ ರೇಡಿಯೋ ಮೆಕ್ಯಾನಿಕ್. ಅಪ್ಪನದೇ ವಯಸ್ಸಿನ ಆಸುಪಾಸು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮಾತು. ತಾವು ಮಾಡಿದ ಆಂಪ್ಲಿಫೈಯರ್ ಬಗ್ಗೆ ಅವರು ಹೇಳುವುದನ್ನು ಕೇಳಿದರೆ ವಿದೇಶದ ಕಂಪೆನಿಗಳೆಲ್ಲ ಬಾಗಿಲು ಹಾಕಿಕೊಳ್ಳಬೇಕು. ನಾನು ಕೇಳುತ್ತಿರುವುದು ಕಿವಿ ಮಂದವಾದ ಅಪ್ಪನಿಗಾಗಿ ಎಂದು ತಿಳಿದ ಮೇಲೆ ಚೂಪು ಸದ್ದಿನ ನಾಬಿಗೆ ಇನ್ನಷ್ಟು ಬಲ ತುಂಬಿ ಮಾಡುತ್ತೇನೆ ಎಂದರು. ಮಾಡಿದರು ಕೂಡ. ಒಂದು ಶನಿವಾರ ಅದು ಗೋಣಿಚೀಲ ಸುತ್ತಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂತು. ಬಸ್ ಸ್ಟ್ಯಾಂಡಿನ ಹಳೆಯ ಗೆಳೆಯರೇ ಅದನ್ನು ಹೊತ್ತು ಮನೆಗೆ ತಂದರು. ಹಿಂದೆಯೇ ಮೆಕ್ಯಾನಿಕ್ಕೂ ಬಂದು ಟೀವಿ, ಡಿಶ್ಶಿನ ಡಬ್ಬಿ, ಟೇಪ್ ಎಲ್ಲವನ್ನೂ ಅದಕ್ಕೆ ಜೋಡಿಸಿದರು. ಎರಡು ಸ್ಪೀಕರ್ ಗೋಡೆಗೆ ಏರಿದವು. ಅಮ್ಮ ಪೆಟ್ಟಿಗೆಗೆ ಕುಂಕುಮ ಹಚ್ಚಿದರು.

ಸ್ವಿಚ್ ಒತ್ತಿದ ಕೂಡಲೇ, ಹಾಡು ಮಾತು ಯಾವುದೂ ಶುರುವಾಗುವ ಮುಂಚೆಯೇ, ಎರಡೂ ಸ್ಪೀಕರಿನಿಂದ “ಗುಂಯ್” ಎಂದು ಶುರುವಾಯಿತು. ದಪ್ಪನೆಯ, ಎಡೆಬಿಡದ ಸದ್ದು. ವಾಲ್ಯೂಮ್ ಇಳಿಸಿದರೂ ಅದು ಇಳಿಯಲಿಲ್ಲ. ಕ್ಯಾಸೆಟ್ ಹಾಕಿದರೆ ಅದರ ಹಿಂದೆಯೂ ಅದೇ. ನಮಗೆ ಅದು ಬರೀ ಕಿರಿಕಿರಿ. ಅಪ್ಪನ ಕಥೆ ಬೇರೆ. ದಪ್ಪ ಸದ್ದೊಂದೇ ನೆಟ್ಟಗೆ ಕೇಳುವ ಕಿವಿಗೆ ನಾವು ದೊಡ್ಡದೊಂದು ದಪ್ಪ ಸದ್ದನ್ನೇ ತಂದು ಸುರಿದಿದ್ದೆವು. ಅದರ ಅಡಿಯಲ್ಲಿ ತಾಳಮದ್ದಲೆಯ ಮಾತು ಪೂರ್ತಿ ಮುಳುಗಿತ್ತು. ಅವರು ಸ್ವಲ್ಪ ಹೊತ್ತು ಸ್ಪೀಕರಿನ ಕಡೆ ಮುಖ ಮಾಡಿ ಕೂತು, ನನ್ನ ಮುಖ ನೋಡಿ, “ಲಾಯ್ಕಿದೆ, ಲಾಯ್ಕಿದೆ” ಎಂದು ಎದ್ದು ಹೊರಗೆ ಹೋದರು. ಬೈದಿದ್ದರೆ ಸಹಿಸುತ್ತಿದ್ದೆ. ಅಪ್ಪ ನನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದ್ದು ನನಗೆ ಬಹಳ ನೋವು ಕೊಟ್ಟಿತು.

ಮೆಕ್ಯಾನಿಕ್ಕಿಗೆ ಅವಮಾನವಾದಂತಾಯಿತು. ಅವರು ಮೊದಲು ಟೇಪಿನ ಮೇಲೆ ತಪ್ಪು ಹೊರಿಸಿದರು. ಟೇಪಿನ ತಂತಿ ಕಿತ್ತರೂ ಗುಂಯ್ ಹಾಗೆಯೇ ಇತ್ತು. ಕರೆಂಟಿನ ಮೇಲೆ ಹೊರಿಸಿದರು. ಸ್ಪೀಕರಿನ ಮೇಲೆ ಹೊರಿಸಿದರು. ಕೊನೆಗೆ ಪೆಟ್ಟಿಗೆಯನ್ನು ಮತ್ತೆ ಗೋಣಿಗೆ ತುಂಬಿ ಶೃಂಗೇರಿಗೆ ಒಯ್ದರು. ಎರಡು ದಿನ ಬಿಟ್ಟು ಫೋನ್ ಮಾಡಿ, “ಇಲ್ಲಿ ಕೋಗಿಲೆ ಥರ ಹಾಡ್ತದೆ ಮಾರಾಯ್ತಿ, ಒಂದು ಚೂರು ಸದ್ದಿಲ್ಲ” ಎಂದರು. ವಾಪಸು ತಂದು ನಮ್ಮ ಹಾಲ್‌ನಲ್ಲಿ ಇಟ್ಟರೆ ಮತ್ತೆ ಗುಂಯ್. ದೋಷ ಪೆಟ್ಟಿಗೆಯದಲ್ಲ, ಮನೆಯದೇ ಎಂದು ತೀರ್ಪು ಕೊಟ್ಟು, ಅಮ್ಮ ಮಾಡಿದ ಹಲಸಿನಕಾಯಿ ಪಲ್ಯವನ್ನು ಎರಡು ಸಲ ಬಡಿಸಿಕೊಂಡು ಹೋದರು. ಇಷ್ಟೆಲ್ಲ ಮಾಡಿದರೂ ಟೀವಿಯ ತಂತಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಟೀವಿ ಆಫ್ ಆಗಿತ್ತಲ್ಲ! ಬಾಯಿ ಮುಚ್ಚಿ ಕೂತವರ ಮೇಲೆ ನಮಗೆ ಸಂಶಯ ಬರುವುದು ಕಡಿಮೆ.

ಆಫೀಸಿನಲ್ಲಿ ನನಗೆ ದಿನಾ ಬರುತ್ತಿದ್ದ ದೂರುಗಳಲ್ಲಿ “ಫೋನ್ ಎತ್ತಿದ್ರೆ ಗುಂಯ್ ಅಂತದೆ” ಎನ್ನುವುದೂ ಒಂದು. “ಲೈನ್‌ಮನ್ ಕಳಿಸ್ತೇವೆ” ಎಂದು ಬರೆದುಕೊಂಡು ಮರೆಯುತ್ತಿದ್ದ ನನಗೆ ಆ ದಿನಗಳಲ್ಲಿ ಅಂಥವರ ಮೇಲೆ ವಿಶೇಷ ಕರುಣೆ ಹುಟ್ಟಿತು. ನಮ್ಮ ಮನೆಯಲ್ಲೂ ಹಾಗೇ ಎಂದು ಹೇಳಿ ಅವರ ಜೊತೆ ಸುಖದುಃಖ ಮಾತಾಡತೊಡಗಿದೆ.

ಈಗ ನಮ್ಮ ಕಡೆಯವರ ಒಂದು ಹುಚ್ಚನ್ನು ಹೇಳಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಿಡಿಲೆಂದರೆ ಹುಡುಗಾಟವಲ್ಲ. ತೆಂಗಿನ ಮರ ಸೀಳುತ್ತದೆ, ಫೋನು ಟೀವಿ ಒಟ್ಟೊಟ್ಟಿಗೆ ಸುಡುತ್ತವೆ. ಹಾಗಾಗಿ ಕರೆಂಟು ನೆಲಕ್ಕಿಳಿಯುವ ಅರ್ತಿಂಗ್ ಗುಂಡಿಯ ಮೇಲೆ ಜನರಿಗೆ ಅಪಾರ ಭಕ್ತಿ. ಉಪ್ಪು, ಇದ್ದಿಲು ತುಂಬಿ, ಕಬ್ಬಿಣದ ಪೈಪು ಹೂತು, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ದು ತಂಪಾಗಿಡುತ್ತಾರೆ. ಬೇರೆ ಊರಿನವರು ಮನೆಗೆ ಒಂದು ಅರ್ತಿಂಗ್ ಮಾಡಿಸಿ ಸುಮ್ಮನಾಗುತ್ತಾರೇನೋ. ನಮ್ಮವರು ಏನಾದರೂ ಸುಟ್ಟಾಗಲೆಲ್ಲ ಅದರ ಹೆಸರಿಗೆ ಇನ್ನೊಂದು ಗುಂಡಿ ತೋಡುತ್ತಾರೆ. “ನಮ್ಮನೆ ಪಂಪಿಗೇ ಬೇರೆ ಅರ್ತಿಂಗ್ ಉಂಟು” ಎಂದು ಹೇಳುವಾಗ ಬರುವ ಗತ್ತು, ಮಗಳಿಗೆ ಒಳ್ಳೆಯ ಸಂಬಂಧ ಬಂತು ಎಂದು ಹೇಳುವಾಗಲೂ ಬರುವುದಿಲ್ಲ.

ನಮ್ಮ ಮನೆಗೆ ಬಚ್ಚಲಿನ ಹಿಂದೆ ಮೊದಲಿನಿಂದಲೂ ಒಂದು ಅರ್ತಿಂಗ್ ಇತ್ತು. ಹಿಂದಿನ ವರ್ಷ ಸಿಡಿಲಿಗೆ ಟೀವಿ ಸುಟ್ಟಾಗ ಅಪ್ಪ ಡಿಶ್ಶಿಗೆಂದೇ ಮುಂದಿನ ಅಂಗಳದಲ್ಲಿ ಇನ್ನೊಂದನ್ನು ಸ್ವತಃ ನಿಂತು ಮಾಡಿಸಿದ್ದರು. ಡಿಶ್ಶಿನ ಕಂಬದಿಂದ ದಪ್ಪ ತಂತಿ ಇಳಿದು ಅಲ್ಲಿ ಭೂಮಿ ಸೇರುತ್ತಿತ್ತು. ಅದನ್ನು ಅವರು ‘ನನ್ನ ಅರ್ತಿಂಗ್’ ಎಂದೇ ಕರೆಯುತ್ತಿದ್ದರು. ಬಂದ ನೆಂಟರಿಗೆ ಕಾಫಿ ಕೊಡುವ ಮೊದಲು ಅದನ್ನು ತೋರಿಸುತ್ತಿದ್ದರು.

ಮೆಕ್ಯಾನಿಕ್ಕಿಗೆ ಆ ಗುಂಡಿಯನ್ನು ನೋಡಿದ್ದೇ ಹೊಸ ಉತ್ಸಾಹ ಬಂತು. “ಡಿಶ್ಶಿಗೆ ಒಂದಿದೆ, ಮನೆಗೆ ಒಂದಿದೆ. ಪಾಪ, ಆಂಪ್ಲಿಫೈಯರಿಗೆ ಇಲ್ಲ. ಅದ್ಕೇ ಅಳ್ತದೆ” ಎಂದರು. ಅಪ್ಪ, ಅಮ್ಮ, ನಾನು ಮೂವರೂ ಈ ಮಾತನ್ನು ಅಷ್ಟೇ ಗಂಭೀರವಾಗಿ ಒಪ್ಪಿಕೊಂಡೆವು. ಮುಂದಿನ ಭಾನುವಾರ ಹಾಲ್‌ನ ಕಿಟಕಿಯ ಹೊರಗೆ ಮೂರನೆಯ ಗುಂಡಿ. ಅಪ್ಪ ಪಂಚೆ ಎತ್ತಿ ಕಟ್ಟಿ ಹಾರೆ ಹಿಡಿದರು, ಮೆಕ್ಯಾನಿಕ್ ಬುಟ್ಟಿಯಲ್ಲಿ ಮಣ್ಣು ಹೊತ್ತರು, ನಾನು ಬಚ್ಚಲ ಒಲೆಯ ಇದ್ದಿಲು ಕುಟ್ಟಿದೆ. ತಂದ ಕಲ್ಲುಪ್ಪು ಸಾಲದೆ ಅಡಿಗೆಮನೆಯ ಭರಣಿಗೂ ಕೈ ಹಾಕಿದೆವು. “ಉಪ್ಪೆಲ್ಲ ಅದ್ಕೇ ಹಾಕಿದ್ರೆ ಇವತ್ತು ಸಾರು ಆ ಗುಂಡಿಯಿಂದ್ಲೇ ಬಡಿಸ್ತೆ” ಎಂದು ಅಮ್ಮ ಹೇಳಿದರು. ಎಲ್ಲರೂ ನಕ್ಕೆವು. ನಾನು ಅಷ್ಟು ಖುಷಿಯಾಗಿ ಮೈಕೈಗೆ ಮಸಿ ಮಾಡಿಕೊಂಡು ಎಷ್ಟೋ ವರ್ಷವಾಗಿತ್ತು.

ಸಂಜೆ ಆಂಪ್ಲಿಫೈಯರಿನ ಮೈಯಿಂದ ಹೊಸ ಗುಂಡಿಗೆ ತಂತಿ ಎಳೆದು, ಕೈ ಮುಗಿದು ಸ್ವಿಚ್ ಒತ್ತಿದೆವು. ಗುಂಯ್ ಮೊದಲಿಗಿಂತ ಜೋರಾಯಿತು. ಎಷ್ಟು ಜೋರೆಂದರೆ ಕಿಟಕಿಯ ಸರಳು ಸಣ್ಣಗೆ ನಡುಗುತ್ತಿತ್ತು. ಅಪ್ಪ ಹಾರೆ ಒರಗಿಸಿ, “ಇದು ಶೃಂಗೇರಿ ಬಸ್ಸೇ” ಎಂದರು. ಆಗಲೂ ನಕ್ಕೆವು, ಆದರೆ ನನ್ನ ನಗು ಅರ್ಧಕ್ಕೇ ನಿಂತಿತು. ಅಪ್ಪ ಒಳಗೆ ಬಂದು ಮೆಲ್ಲಗೆ, “ಸಾಕು ಬಿಡು ಕಣೆ. ಕ್ಯಾಸೆಟ್ಟೇ ಹೋದ ಮೇಲೆ ಪೆಟ್ಟಿಗೆ ಪಾಪ ಎಂತ ಮಾಡ್ತದೆ. ಗುಜರಿಯವನು ಬಂದಿದ್ನಾ?” ಎಂದು ಕೇಳಿದರು. ಇಲ್ಲ ಎಂದೆ. ಈ ಸದ್ದನ್ನು ನಿಲ್ಲಿಸದಿದ್ದರೆ ಅಪ್ಪ ಆ ಟ್ರಂಕನ್ನು ತಾವೇ ಕೊಟ್ಟುಬಿಡುತ್ತಾರೆ, ಮತ್ತೆ ಅವರು ಮಾತು ಕೇಳುವ ಆಸೆಯನ್ನೇ ಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

ದಾರಿ ತೋರಿಸಿದ್ದು ಉಪ್ಪಿನಕಾಯಿ ಬಾಟಲಿ. ಸಿಡಿಲಿನ ಕಾಲದಲ್ಲಿ ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ದೂರದಲ್ಲಿ ಗುಡುಗು ಕೇಳಿದ ತಕ್ಷಣ ಟೀವಿಗೆ ಬರುವ ಡಿಶ್ ತಂತಿಯನ್ನು ಕಿತ್ತು, ಅದರ ತುದಿಯನ್ನು ಗಾಜಿನ ಬಾಟಲಿಯೊಳಗೆ ಇಳಿಬಿಡುವುದು. ಸಿಡಿಲು ತಂತಿಯಲ್ಲಿ ಇಳಿದು ಬಂದರೂ ಗಾಜಿನೊಳಗೆ ಸಿಕ್ಕಿಬೀಳುತ್ತದೆ ಎಂದು ನಂಬಿಕೆ. ಆಕಾಶದಿಂದ ಇಲ್ಲಿಯವರೆಗೆ ಬಂದ ಸಿಡಿಲು ಒಂದು ಬಾಟಲಿಗೆ ಹೆದರುತ್ತದೆಯೇ ಎಂದು ನಾನು ಅಮ್ಮನ ಜೊತೆ ಜಗಳವಾಡುತ್ತಿದ್ದೆ. ಅಮ್ಮ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರಿಗೆ ಕಿವಿ ಚೆನ್ನಾಗಿತ್ತು.

ಗುಂಡಿ ತೋಡಿದ ವಾರದಲ್ಲೇ, ರಜೆಯ ಒಂದು ಮಧ್ಯಾಹ್ನ ನಾನು ಹಟಕ್ಕೆ ಬಿದ್ದವಳ ಹಾಗೆ ಒಂದು ಕ್ಯಾಸೆಟ್ ಹಾಕಿ, ಸ್ಪೀಕರಿಗೆ ಕಿವಿ ಕೊಟ್ಟು ಕೂತಿದ್ದೆ. ಕುಂದಾದ್ರಿಯ ಕಡೆ ಎಲ್ಲೋ ಗುಡುಗಿತು. ಅಮ್ಮ ಬಾಟಲಿ ಹಿಡಿದು ಬಂದು, ನನ್ನನ್ನು ದಾಟಿ, ಟೀವಿಯ ಹಿಂದೆ ಕೈ ಹಾಕಿ ಡಬ್ಬಿಯಿಂದ ಡಿಶ್ಶಿನ ತಂತಿ ತಿರುಗಿಸಿ ಕಿತ್ತರು. ಗುಂಯ್ ನಿಂತಿತು. ಹಾಲ್ ಎಷ್ಟು ನಿಶ್ಶಬ್ದವಾಯಿತೆಂದರೆ, ಕ್ಯಾಸೆಟ್ಟಿನೊಳಗೆ ಯಾರೋ ತಾಳ ಮುಟ್ಟಿ ಕೆಳಗಿಟ್ಟದ್ದೂ ಕೇಳಿತು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಕೈಯಲ್ಲಿದ್ದ ತಂತಿ ನೋಡಿದರು.

“ಅಮ್ಮಾ, ಅದನ್ನ ಮತ್ತೆ ಹಾಕು” ಎಂದೆ.

“ಗುಡುಗ್ತಾ ಇದೆ. ತಲೆ ಸರಿ ಇದ್ಯಾ ನಿಂಗೆ” ಎಂದು ಅಮ್ಮ ತಂತಿಯನ್ನು ಬಾಟಲಿಗೆ ಇಳಿಸಿದರು. ಎರಡನೆಯ ಗುಡುಗಿಗೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತರು. ಅಷ್ಟರಲ್ಲಿ ಕರೆಂಟೂ ಹೋಯಿತು. ಕುಣಿಯಬೇಕೆನಿಸುವಷ್ಟು ಖುಷಿಯನ್ನು ಇಟ್ಟುಕೊಂಡು ಬೆಳಗಿನವರೆಗೆ ಕಾದು ಕೂರಬೇಕಾಯಿತು.

ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ತಂತಿ ಹಾಕಿದೆ, ಗುಂಯ್. ಕಿತ್ತೆ, ನಿಂತಿತು. ಹಾಕಿ, ಕಿತ್ತು, ಹಾಕಿ, ಅಮ್ಮ ಬೈಯುವವರೆಗೂ ಮಾಡಿದೆ. ಶೃಂಗೇರಿಗೆ ಫೋನ್ ಮಾಡಿದಾಗ ಮೆಕ್ಯಾನಿಕ್ ಸ್ವಲ್ಪ ಯೋಚಿಸಿ, “ಹಾಗಾದ್ರೆ ಆಂಪ್ಲಿಫೈಯರ್ ಪ್ಲಗ್ಗಿನ ದಪ್ಪ ಪಿನ್ನು ಕಿತ್ತಾಕಿ, ಹೋಗ್ತದೆ” ಎಂದರು. ದಪ್ಪ ಪಿನ್ನು ಎಂದರೆ ಅರ್ತಿಂಗಿನ ಪಿನ್ನು. ಅದನ್ನು ಕಿತ್ತರೆ ಸದ್ದೇನೋ ಹೋಗುತ್ತದೆ, ನಾಳೆ ಪೆಟ್ಟಿಗೆಯೊಳಗೆ ಏನಾದರೂ ಕೆಟ್ಟು ಕರೆಂಟು ಮೈಗೆ ಇಳಿದರೆ ಅಪ್ಪನೂ ಹೋಗುತ್ತಾರೆ. ಹೀಗೆಂದು ಅವರಿಗೆ ಚೆನ್ನಾಗಿ ಬೈದೆ. ಟೆಲಿಫೋನ್ ಆಫೀಸಿನಲ್ಲಿ ಕಲಿತ ಬೈಗಳೆಲ್ಲ ಆ ದಿನ ಉಪಯೋಗಕ್ಕೆ ಬಂದವು. ಅವರು ಬೇಸರ ಮಾಡಿಕೊಳ್ಳಲಿಲ್ಲ. “ಬೇಡ ಅಂದ್ರೆ ಬೇಡ ಮಾರಾಯ್ತಿ. ಭಾನುವಾರ ಬತ್ತೆ, ಪಲ್ಯ ಮಾಡಿಸಿಡಿ” ಎಂದರು.

ಅದೇ ದಿನ ಆಫೀಸಿನಲ್ಲಿ ಮೇಜಿನ ಮುಂದೆ ಕೂತವಳಿಗೆ ಎದುರಿನ ಗೋಡೆ ಕಾಣಿಸಿತು. ಆ ಗೋಡೆಯ ಮೇಲೆ ಒಂದು ತಾಮ್ರದ ಪಟ್ಟಿ ಇದೆ. ಕಟ್ಟಡದಲ್ಲಿರುವ ಪ್ರತಿ ಯಂತ್ರದ ಅರ್ತಿಂಗ್ ತಂತಿಯೂ ಬಂದು ಸೇರುವುದು ಅದೊಂದೇ ಪಟ್ಟಿಗೆ. ವರ್ಷಗಟ್ಟಲೆ ಅದರ ಕೆಳಗೆ ನನ್ನ ಕೊಡೆ ನೇತುಹಾಕಿದ್ದೇನೆ, ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ. ಅಷ್ಟು ಯಂತ್ರಗಳಿಗೆ ನೆಲ ಒಂದೇ. ನಮ್ಮ ಒಂದು ಹಾಲ್‌ಗೆ ಮೂರು. ಬಚ್ಚಲಿನ ಹಿಂದಿನ ನೆಲ ಸದಾ ಒದ್ದೆ, ಅಂಗಳದ್ದು ಒಣಕಲು, ಕಿಟಕಿಯ ಹೊರಗಿನದು ಉಪ್ಪಿನ ಮಡು. ಒಂದೊಂದರ ಮಟ್ಟ ಒಂದೊಂದು. ಮಟ್ಟ ಬೇರೆಯಾದಲ್ಲಿ ನೀರು ಹರಿಯುವ ಹಾಗೆ ಕರೆಂಟೂ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ಹರಿಯಲು ಅದು ಹಿಡಿದ ದಾರಿ ಡಿಶ್ಶಿನ ತಂತಿ, ಟೀವಿ, ನಮ್ಮ ಆಂಪ್ಲಿಫೈಯರ್. ಟೀವಿ ಆಫ್ ಆಗಿದ್ದರೇನು, ತಂತಿ ಜೋಡಿಸಿಯೇ ಇತ್ತಲ್ಲ. ಆ ಹರಿದಾಟವೇ ಗುಂಯ್. ಲೈನ್‌ಮನ್‌ಗಳನ್ನು ಕೇಳಿದೆ. ಹೌದು, ಎಲ್ಲ ಒಂದೇ ಕಡೆ ಕಟ್ಟಬೇಕು, ಸಿಡಿಲಿಗೂ ಅದೇ ಕ್ಷೇಮ ಎಂದರು.

ಇದನ್ನು ಅಪ್ಪನಿಗೆ ಹೇಳುವುದು ಸುಲಭವಾಗಿರಲಿಲ್ಲ. ‘ನನ್ನ ಅರ್ತಿಂಗ್’ ಎಂದು ಊರಿಗೆಲ್ಲ ತೋರಿಸಿದವರ ಬಳಿ ಹೋಗಿ ತಪ್ಪು ಅದರದೇ ಎಂದು ಕೂಗಿ ಹೇಳಬೇಕು. ಹೇಳಿದೆ. ಅವರ ಮುಖ ಗಂಟಿಕ್ಕಿತು.

“ಅದನ್ನ ತೆಗೆಯಕ್ಕೆ ನಾನು ಬಿಡಲ್ಲ. ಅದು ಬಂದ ಮೇಲೆ ಸಿಡಿಲು ಈ ಕಡೆ ಮುಖ ಹಾಕಿಲ್ಲ.”

“ತೆಗೆಯದಲ್ಲ ಅಪ್ಪ. ಸೇರಿಸದು. ಮೂರನ್ನೂ ಸೇರಿಸಿ ಒಂದು ಮಾಡದು.”

“ಎಂತ?”

“ಸೇರಿಸದು” ಎಂದು ಎರಡೂ ಕೈಯ ಬೆರಳು ಹೆಣೆದು ತೋರಿಸಿದೆ. ಅಪ್ಪ ನನ್ನ ಬೆರಳುಗಳನ್ನು ನೋಡಿದರು. ಸೇರಿಸುವುದಾದರೆ ಅಡ್ಡಿಯಿಲ್ಲ ಎನ್ನುವಂತೆ ತಲೆ ಆಡಿಸಿದರು. ಆಮೇಲೆ, ಎಲ್ಲಕ್ಕೂ ತಮ್ಮದೇ ಹಿರಿಯದು, ಉಳಿದೆರಡು ಅದರ ಹತ್ತಿರ ಬರಬೇಕು ಎಂದು ಷರತ್ತು ಹಾಕಿದರು. ತಂತಿಗೆ ಯಾರು ಯಾರ ಹತ್ತಿರ ಬಂದರೂ ಒಂದೇ. ಆಗಲಿ ಎಂದೆ.

ಭಾನುವಾರ ಮೆಕ್ಯಾನಿಕ್ ಬಂದರು, ಪಲ್ಯವೂ ಆಯಿತು. ದಪ್ಪ ತಾಮ್ರದ ತಂತಿಯನ್ನು ಬಚ್ಚಲಿನ ಹಿಂದಿನಿಂದ ಗೋಡೆಗುಂಟ ಸುತ್ತಿಸಿ, ಕಿಟಕಿಯ ಹೊರಗಿನ ಗುಂಡಿಯನ್ನೂ ಮುಟ್ಟಿಸಿ, ಅಪ್ಪನ ಅರ್ತಿಂಗಿನವರೆಗೆ ತಂದೆವು. ಆಂಪ್ಲಿಫೈಯರಿನ ಮೈಗೆ ನೇರವಾಗಿ ಎಳೆದಿದ್ದ ತಂತಿಯನ್ನು ಬಿಚ್ಚಿ, ಅದನ್ನೂ ಟೀವಿಯನ್ನೂ ಡಬ್ಬಿಯನ್ನೂ ಒಂದೇ ಬೋರ್ಡಿಗೆ ಹಾಕಿದೆವು. ದಪ್ಪ ಪಿನ್ನು ತನ್ನ ಜಾಗದಲ್ಲೇ ಇತ್ತು. ಮೆಕ್ಯಾನಿಕ್ ಬೋಲ್ಟು ಬಿಗಿಮಾಡುವಾಗ ಅಪ್ಪ ಪಕ್ಕದಲ್ಲೇ ನಿಂತು, ಬಸ್ಸು ರಿವರ್ಸ್ ತೆಗೆಯಿಸುವವರ ಹಾಗೆ “ಬರ್ಲಿ, ಬರ್ಲಿ, ಇನ್ನೂ ಬರ್ಲಿ, ಸಾಕು” ಎಂದು ಹೇಳುತ್ತಿದ್ದರು. ಹಿಂದಿನ ಭಾನುವಾರದ ಭಕ್ತಿ ಯಾರಲ್ಲೂ ಉಳಿದಿರಲಿಲ್ಲ. ಕೈ ಮುಗಿಯದೆಯೇ ನಾನು ಸ್ವಿಚ್ ಒತ್ತಿದೆ.

ಏನೂ ಕೇಳಲಿಲ್ಲ. ಕರೆಂಟು ಇಲ್ಲವೆಂದುಕೊಂಡು ಮೆಕ್ಯಾನಿಕ್ ಫ್ಯಾನಿನ ಕಡೆ ನೋಡಿದರು. ಫ್ಯಾನು ತಿರುಗುತ್ತಿತ್ತು. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು, ಡಿಶ್ಶಿನ ತಂತಿಯೂ ತನ್ನ ಜಾಗದಲ್ಲಿತ್ತು. ಸ್ಪೀಕರಿಗೆ ಕಿವಿ ಅಂಟಿಸಿದರೆ ಮಾತ್ರ ಸೊಳ್ಳೆಯಷ್ಟು ಸದ್ದು. ಅವರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, “ನಾನು ಹೇಳಿರ್ಲಿಲ್ವಾ, ನನ್ನ ಪೆಟ್ಟಿಗೇಲಿ ದೋಷ ಇಲ್ಲ ಅಂತ” ಎಂದರು.

ಮಂಚದ ಕೆಳಗಿನಿಂದ ಟ್ರಂಕ್ ಎಳೆದು, ಕೈಗೆ ಸಿಕ್ಕಿದ ಕ್ಯಾಸೆಟ್ ತಂದು ಹಾಕಿದೆ. ದಪ್ಪ ಸದ್ದಿನ ನಾಬನ್ನು ಪೂರ್ತಿ ಇಳಿಸಿ, ಚೂಪು ಸದ್ದಿನದನ್ನು ಪೂರ್ತಿ ಏರಿಸಿದೆ. ವಾಲ್ಯೂಮನ್ನು ಅಪ್ಪನಿಗೆಂದು ನಾವು ಯಾವಾಗಲೂ ಇಡುವಷ್ಟು, ಅಂದರೆ ರಸ್ತೆಯವರೆಗೆ ಕೇಳುವಷ್ಟು ಇಟ್ಟೆ. ಮೇಗುಂದದ ಯಾವುದೋ ಮನೆಯ ಜಗಲಿ, ಒಬ್ಬ ರಾಜ, ಅವನೆದುರು ಒಬ್ಬ ದೂತ. ರಾಜನಿಗೆ ಗತ್ತು, ದೂತನಿಗೆ ನಾಲಿಗೆಯ ತುದಿಯಲ್ಲಿ ಬೆಂಕಿ. ಅಪ್ಪ ಮೊದಲು ನೆಲ ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಿಗೆ ತಲೆ ಎತ್ತಿದರು. ದೂತ ಒಂದು ಮಾತಿಗೆ ಎರಡು ಅರ್ಥ ಬರುವ ಹಾಗೆ ಚುಚ್ಚಿದಾಗ, “ಹಾಂ, ಹಾಗೆ ಹೇಳು” ಎಂದು ಪೆಟ್ಟಿಗೆಗೇ ಹೇಳಿದರು.

ಆಮೇಲೆ ಬೆರಳು ಎತ್ತಿ, ಸುಮ್ಮನಿರಿ ಎನ್ನುವಂತೆ ನಮ್ಮನ್ನು ತಡೆದರು. ನಾವು ಯಾರೂ ಮಾತಾಡಿರಲಿಲ್ಲ.

“ಅಲ್ಲಿ ಯಾರೋ ಅಡಿಕೆ ಕತ್ತರಿಸ್ತಿದಾರೆ” ಎಂದರು.

ನಾನು ಗಮನವಿಟ್ಟು ಕೇಳಿದೆ. ಹೌದು, ಮಾತಿನ ಹಿಂದೆ, ಬಹಳ ಸಣ್ಣಗೆ, ಅಡಕತ್ತರಿಯ ಟಕ್, ಟಕ್. ನೆಟ್ಟಗಿರುವ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ. ಅಮ್ಮ ಸೌಟು ಹಿಡಿದುಕೊಂಡೇ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಗೊತ್ತಾಗಲಿಲ್ಲ, ಎರಡೂ ಬರುತ್ತಿದ್ದವು ಎಂದು ಕಾಣುತ್ತದೆ.

“ಕ್ಯಾಸೆಟ್ ಹಾಳಾಗಿಲ್ಲ ಕಣೆ” ಎಂದು ಅಪ್ಪ ಹೇಳಿದರು. ಇಷ್ಟು ದಿನ ಕ್ಯಾಸೆಟ್ಟಿನ ಮೇಲೆ ಅಪವಾದ ಹೊರಿಸಿದವಳು ನಾನೇ ಎಂಬಂತೆ ನನ್ನ ಕಡೆ ನೋಡಿದರು. ನಾನು ಒಪ್ಪಿಕೊಂಡೆ. ಅವರು ಗೋಡೆಗೆ ಒರಗಿ, ಕಾಲು ಚಾಚಿ, ಮತ್ತೆ ಕೇಳತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದರು.

“ಅದೆಂತಕೆ ಅಷ್ಟು ದೊಡ್ಡಕೆ ಇಟ್ಟಿದೀ? ಕಮ್ಮಿ ಮಾಡು. ನಂಗೆ ಕಿವಿ ಕೇಳ್ತದೆ.”

ಕಡಿಮೆ ಮಾಡಿದೆ. ಇನ್ನೂ ಸ್ವಲ್ಪ ಎಂದು ಕೈ ತೋರಿಸಿದರು. ಇನ್ನೂ ಸ್ವಲ್ಪ ಕಡಿಮೆ ಮಾಡಿದೆ.